ಮನೆಯ ವಿದ್ಯುತ್ತು: ದಂಪತಿಗಳು ವಹಿಸಬೇಕಾದ ಎಚ್ಚರಿಕೆ



ಕುಟುಂಬ ಕಲ್ಯಾಣವೆಂದೊಡನೆ ಹೆರಿಗೆ, ಲಸಿಕೆ, ಮಿತ ಸಂತಾನ ಎಂಬ ಮಾತುಗಳು ನಿಮ್ಮ ನೆನಪಿಗೆ ಬರುತ್ತವೆ. ಇಂದು ನಾನು ಹೇಳಬಯಸುವುದು ಮನೆಯೊಳಗಿನ ವಿದ್ಯುತ್ತಿನ ವಿಷಯ.

ಹೀಗೊಂದು ಮುಂಜಾನೆಯನ್ನು ಊಹಿಸಿಕೊಳ್ಳಿರಿ. ಬಚ್ಚಲುಮನೆಯಲ್ಲಿ ಹೀಟರ್ ಇಳಿಬಿಟ್ಟ ಬಕೆಟ್ಟು. ನೀರು ಕಾಯಿತೇ ಎಂದು ಹೆಂಡತಿ ಕೈಯದ್ದುತ್ತಾಳೆ. ಅವಳ ಕೂಗು ಕೇಳಿ ಗಂಡ ಓಡಿಬಂದು ತೋಳು ಹಿಡಿದೆಳೆಯುತ್ತಾನೆ. ಈ ಆತುರ ಸಹಜವೇ. ಆದರೆ ಇದರಿಂದ ಮಕ್ಕಳು ತಂದೆತಾಯಿ ಇಬ್ಬರನ್ನೂ ಕಳೆದುಕೊಳ್ಳಬಹುದು.

ಕಾರಣವೇನು? ನಮ್ಮ ಮನೆಗಳಿಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದು ಕೈಯಲ್ಲಿ ಹರಿದಾಗ ಸ್ನಾಯುಗಳು ಬಿಗಿದುಕೊಂಡು, ಹಿಡಿದುದನ್ನು ಬಿಡಲಾಗುವುದಿಲ್ಲ. ಎದೆಯ ಮೂಲಕ ಹರಿದರೆ ಹೃದಯದ ಬಡಿತವೇ ನಿಂತುಹೋಗಬಹುದು. ಮೈ ಒದ್ದೆಯಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಅಂಥವರನ್ನು ಮುಟ್ಟಿದವರ ಮೈಗೂ ಅದೇ ವಿದ್ಯುತ್ತು ಹರಿಯುತ್ತದೆ.

ಆದುದರಿಂದ ಮೊದಲು ಮೈನ್ ಸ್ವಿಚ್ಚನ್ನು ಆರಿಸಿರಿ. ಅದು ಸಾಧ್ಯವಾಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣಗಿದ ಮರದ ಕೋಲಿನಿಂದ ತಂತಿಯನ್ನು ಸರಿಸಿರಿ. ಆದರೆ ಕಂಬದಿಂದ ಹರಿದುಬಿದ್ದ ತಂತಿಯ ಬಳಿಗೆ ಕೋಲು ಹಿಡಿದೂ ಹೋಗಕೂಡದು, 1912ಕ್ಕೆ ತಿಳಿಸಿರಿ.

ಬಿಡಿಸಿದೊಡನೆ 108ಕ್ಕೆ ಕರೆ ಮಾಡಿರಿ. ಎಚ್ಚರವೂ ಸಹಜವಾದ ಉಸಿರಾಟವೂ ಇಲ್ಲದಿದ್ದರೆ, ಎದೆಯ ನಡುಭಾಗದಲ್ಲಿ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಸುಮಾರು 5 ಸೆಂಟಿಮೀಟರ್ ಇಳಿಯುವಂತೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುತ್ತಿರಿ. ನೆರವು ಬರುವವರೆಗೆ ನಿಲ್ಲಿಸಬೇಡಿರಿ. ಬಾಯಿಗೆ ನೀರು ಹಾಕಬಾರದು. ಚೇತರಿಸಿಕೊಂಡವರನ್ನೂ ವೈದ್ಯರಿಗೆ ತೋರಿಸತಕ್ಕದ್ದು.

ಇಂತಹ ಅಪಘಾತ ಒದಗದಂತೆ ನೋಡಿಕೊಳ್ಳುವುದು ಇನ್ನೂ ಮೇಲು. ಹೀಟರಿನ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತ ಮೇಲೆಯೇ ನೀರನ್ನು ಮುಟ್ಟಿರಿ. ಬರಿಯ ತಂತಿಯ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್ಟಿಗೆ ಸಿಕ್ಕಿಸಬೇಡಿರಿ. ಎಕ್ಸ್‌ಟೆನ್ಷನ್ ಬೋರ್ಡನ್ನು ಬಚ್ಚಲಿಗೆ ಒಯ್ಯಬೇಡಿರಿ; ಒಂದು ಬೋರ್ಡಿಗೆ ಮತ್ತೊಂದನ್ನು ಜೋಡಿಸಬೇಡಿರಿ. 6 ಆಂಪಿಯರಿನ ಬೋರ್ಡು ಹೊರುವುದು ಸುಮಾರು 1,380 ವ್ಯಾಟ್ ಮಾತ್ರ. ಹೀಟರೊಂದೇ 1,500 ವ್ಯಾಟಿನದಾಗಿರುವುದುಂಟು. ಹೊರೆ ಮೀರಿದರೆ ತಂತಿ ಕಾದು, ಅದರ ಹೊದಿಕೆ ಕರಗಿ, ಬೆಂಕಿ ಹೊತ್ತಿಕೊಳ್ಳಬಹುದು. ಹೊದಿಕೆ ಹರಿದ ತಂತಿಯನ್ನು ಬದಲಾಯಿಸಿಕೊಳ್ಳಿರಿ. ಬಟ್ಟೆ ಒಣಗಿಸಲು ಕಬ್ಬಿಣದ ತಂತಿಯ ಬದಲು ಹಗ್ಗವನ್ನು ಕಟ್ಟಿರಿ. ಪರವಾನಗಿ ಪಡೆದ ಎಲೆಕ್ಟ್ರೀಷಿಯನ್ನರಿಂದ ಸರಿಯಾದ ಅರ್ಥಿಂಗನ್ನೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿಕೊಳ್ಳಿರಿ. ವಿದ್ಯುತ್ತು ಮೈಯ ಮೂಲಕ ನೆಲಕ್ಕೆ ಸೋರಿದೊಡನೆ ಅದು ಕಣ್ಣುಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ.

ಕೊನೆಯದಾಗಿ ಒಂದು ಮಾತು. ಅನೇಕ ಮನೆಗಳಲ್ಲಿ ಮೈನ್ ಸ್ವಿಚ್ಚಿನ ಪರಿಚಯ ಗಂಡಸರಿಗೆ ಮಾತ್ರ. ಇಂದು ಸಂಜೆಯೇ ಪತಿಪತ್ನಿಯರಿಬ್ಬರೂ ಅದರ ಮುಂದೆ ನಿಂತು, ಆರಿಸುವುದನ್ನು ಅಭ್ಯಾಸ ಮಾಡಿರಿ. ಅದು ಎಟುಕದಿದ್ದರೆ ಕೆಳಗೆ ಒಂದು ಮರದ ಸ್ಟೂಲನ್ನು ಇಟ್ಟಿರಿ. ಕಷ್ಟಕಾಲದಲ್ಲಿ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ದಾರಿ ಅದು.