ಸರದಿಯಲ್ಲಿ ಸಿಕ್ಕಿಬಿದ್ದ ಚೀಟಿಗಳು



ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆ ಕೌಂಟರಿನಲ್ಲಿ ನಾವೆಲ್ಲ ಸರದಿಯಲ್ಲಿ ನಿಂತವರೇ. ಪ್ರಿಂಟರಿಗೆ ಹೋಗುವ ಕಾಗದಗಳೂ ಹಾಗೆಯೇ ಸರದಿಯಲ್ಲಿ ನಿಲ್ಲುತ್ತವೆ. ಆ ಸರದಿ ಕೆಟ್ಟರೆ ಏನು ಮಾಡಬೇಕು ಎಂಬುದನ್ನು ಇವತ್ತು ನನಗಾದ ಒಂದು ಅನುಭವದ ಮೂಲಕ ಹೇಳುತ್ತೇನೆ.

2009ರ ಮಳೆಗಾಲ. ಆಗ ನಾನು ಗುಜರಾತಿನ ಹಜೀರಾದಲ್ಲಿದ್ದೆ. ಸೂರತ್ ನಗರದ ಪಶ್ಚಿಮಕ್ಕೆ, ತಾಪಿ ನದಿ ಸಮುದ್ರ ಸೇರುವ ಕಡೆ ಇರುವ ಜಾಗವದು. ಉಕ್ಕು, ರಸಗೊಬ್ಬರ, ಅನಿಲ ಎಂದು ಸಾಲು ಸಾಲು ಕಾರ್ಖಾನೆಗಳು. ಹಗಲೂ ರಾತ್ರಿ ಲಾರಿಗಳ ಓಡಾಟ. ಅಂಥದೊಂದು ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸ.

ಒಂದು ರಾತ್ರಿ ಹನ್ನೊಂದು ಗಂಟೆಗೆ ಗೇಟಿನಿಂದ ಫೋನ್ ಬಂತು. ಲಾರಿಗಳಿಗೆ ಸರಕು ತುಂಬಿದೆ, ಗೇಟ್ ಪಾಸ್ ಮಾತ್ರ ಪ್ರಿಂಟ್ ಆಗುತ್ತಿಲ್ಲ. ಹೋಗಿ ನೋಡಿದರೆ ಹನ್ನೆರಡು ಲಾರಿಗಳು ಮಳೆಯಲ್ಲಿ ನಿಂತಿವೆ. ಚಾಲಕರು ಕಿಟಕಿಯ ಹತ್ತಿರ ಬಂದು "ಸಾಹೇಬ್, ಪರ್ಚಿ?" ಎಂದು ಕೇಳುತ್ತಿದ್ದಾರೆ. ನಾವೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯ ಗುಮಾಸ್ತರು ಪ್ರಿಂಟ್ ಗುಂಡಿಯನ್ನು ಒತ್ತುತ್ತಲೇ ಇದ್ದಾರೆ. ತೆರೆಯ ಮೇಲೆ ಯಾವ ದೋಷವೂ ಇಲ್ಲ. ಪ್ರಿಂಟರಿನ ಹಸಿರು ದೀಪವೂ ಉರಿಯುತ್ತಿದೆ.

ಹಾಗಾದರೆ ಚೀಟಿಗಳು ಎಲ್ಲಿ ಹೋದವು?

ಲಿನಕ್ಸ್, ಯುನಿಕ್ಸ್ ಮಾದರಿಯ ಯಂತ್ರಗಳಲ್ಲಿ ಈ ಸರದಿಯನ್ನು ನೋಡಿಕೊಳ್ಳುವುದು ಬಹುಮಟ್ಟಿಗೆ ಕಪ್ಸ್ ಎಂಬ ತಂತ್ರಾಂಶ. ಮೈಕೆಲ್ ಸ್ವೀಟ್ ಬರೆದ ಇದು 1999ರಲ್ಲಿ ಮೊದಲು ಹೊರಬಂತು. ಇದರಲ್ಲಿ ಒಂದೊಂದು ಸರದಿಗೂ ಎರಡು ಬಾಗಿಲು. ಒಳಬಾಗಿಲು ತೆರೆದಿದ್ದರೆ ಕಾಗದಗಳನ್ನು ಸ್ವೀಕರಿಸುತ್ತದೆ. ಹೊರಬಾಗಿಲು ತೆರೆದಿದ್ದರೆ ಅವನ್ನು ಪ್ರಿಂಟರಿಗೆ ಕಳಿಸುತ್ತದೆ. ಹೊರಬಾಗಿಲು ಮುಚ್ಚಿ ಒಳಬಾಗಿಲು ತೆರೆದಿದ್ದರೆ, ಕಳಿಸಿದ್ದೆಲ್ಲ ಸದ್ದಿಲ್ಲದೆ ಒಳಗೆ ಸೇರುತ್ತಾ ಹೋಗುತ್ತದೆ. ಗುಂಡಿ ಒತ್ತಿದವರಿಗೆ ಎಲ್ಲವೂ ಸರಿಯಾಗಿದೆ ಎಂದೇ ಕಾಣುತ್ತದೆ.

ಇದನ್ನು ತಿಳಿಯಲು ಒಂದು ಆಜ್ಞೆ ಸಾಕು: ಎಲ್‌ಪಿಸ್ಟ್ಯಾಟ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಹಾಕಿ ಟಿ. ಆ ರಾತ್ರಿ ಬಂದ ಉತ್ತರ, ಸರದಿ 'ಡಿಸೇಬಲ್ಡ್'. ಹಗಲು ಪಾಳಿಯಲ್ಲಿ ಕಾಗದ ಸಿಕ್ಕಿಹಾಕಿಕೊಂಡಾಗ ಯಾರೋ ಸರದಿಯನ್ನು ನಿಲ್ಲಿಸಿ, ಮತ್ತೆ ತೆರೆಯಲು ಮರೆತಿದ್ದರು. ಒಳಗೆ 37 ಚೀಟಿಗಳು ಕಾದಿದ್ದವು.

"ತೆರೆದುಬಿಡು ಭಾಯಿ" ಎಂದರು ಕಾಕಾ. ನನಗೆ ಅನುಮಾನ ಬಂತು. ಲಾರಿ ಹನ್ನೆರಡು, ಚೀಟಿ 37! ಹೊರಬಾಗಿಲು ತೆರೆದರೆ ಒಂದೇ ನಂಬರಿನ ಗೇಟ್ ಪಾಸ್ ಮೂರು ನಾಲ್ಕು ಸಲ ಹೊರಬರುತ್ತದೆ. "ಚಾಲಶೇ" ಎಂದರು ಕಾಕಾ, ನಡೆಯುತ್ತದೆ ಎಂದು. ಆದರೆ ಹೆಚ್ಚಿನ ಒಂದು ಪಾಸ್ ಬೇರೆಯವರ ಕೈ ಸೇರಿದರೆ ಇನ್ನೊಂದು ಲಾರಿ ಸರಕಿನೊಂದಿಗೆ ಹೊರಗೆ ಹೋಗಬಹುದು. ಅದಕ್ಕೆ ಉತ್ತರ ಹೇಳಬೇಕಾದವರು ಕಾಕಾ ಅವರೇ. ಹೀಗೆಂದಾಗ ಅವರು ಗುಂಡಿಯಿಂದ ಕೈ ತೆಗೆದರು.

ಪಾಸಿನ ವಿವರಗಳೆಲ್ಲ ಗೇಟಿನ ಕಂಪ್ಯೂಟರಿನಲ್ಲಿ ಭದ್ರವಾಗಿದ್ದವು. ಆದ್ದರಿಂದ ಕ್ಯಾನ್ಸಲ್ ಆಜ್ಞೆಯಿಂದ ಸರದಿಯನ್ನು ಮೊದಲು ಖಾಲಿ ಮಾಡಿ, ಆಮೇಲೆ ಕಪ್ಸ್‌ಎನೇಬಲ್ ಆಜ್ಞೆಯಿಂದ ಹೊರಬಾಗಿಲು ತೆರೆದೆ. ಕಾಕಾ ಒಂದೇ ಒಂದು ಪಾಸ್ ಕಳಿಸಿದರು. ಆದರೂ ಕಾಗದ ಬರಲಿಲ್ಲ!

ಎರಡನೆಯ ದೋಷ ಬೇರೆಯೇ ಇತ್ತು. ಸಂಜೆ ಕರೆಂಟು ಹೋಗಿ ಬಂದಿತ್ತು. ಪ್ರಿಂಟರಿಗೆ ನೆಟ್‌ವರ್ಕಿನಲ್ಲಿ ಖಾಯಂ ವಿಳಾಸ ಕೊಟ್ಟಿರಲಿಲ್ಲ. ಹಳೆಯ ವಿಳಾಸಕ್ಕೆ ಪಿಂಗ್ ಮಾಡಿದೆ, ಉತ್ತರ ಬಂತು. ಅಲ್ಲೇ ನಾನು ಅರ್ಧ ಗಂಟೆ ಮೋಸಹೋದೆ. ಆ ವಿಳಾಸ ಆಗಲೇ ಬೇರೊಂದು ಕಂಪ್ಯೂಟರಿನ ಪಾಲಾಗಿತ್ತು. ಪಿಂಗಿಗೆ ಉತ್ತರ ಬಂದರೆ ಅಲ್ಲಿ ಯಾರೋ ಇದ್ದಾರೆ ಎಂದಷ್ಟೇ ಅರ್ಥ, ಪ್ರಿಂಟರೇ ಇದೆ ಎಂದಲ್ಲ. ಕೊನೆಗೆ ಪ್ರಿಂಟರಿನ ಗುಂಡಿಗಳಿಂದಲೇ ಅದರ ವಿವರಪುಟವನ್ನು ಮುದ್ರಿಸಿದಾಗ ಹೊಸ ವಿಳಾಸ ಸಿಕ್ಕಿತು. ಎಲ್‌ಪಿಅಡ್ಮಿನ್ ಆಜ್ಞೆಯಿಂದ ಅದನ್ನು ಸರದಿಗೆ ತಿಳಿಸಿದೆ. ಮೊದಲ ಪಾಸ್ ಹೊರಬಂತು. ಒಂದೂವರೆ ಗಂಟೆಯ ಹೊತ್ತಿಗೆ ಹನ್ನೆರಡು ಲಾರಿಗಳೂ ಹೊರಟವು. ಮಾರನೆಯ ದಿನ ಪ್ರಿಂಟರಿಗೆ ಖಾಯಂ ವಿಳಾಸ ಕೊಟ್ಟೆವು.

ಕೇಳುಗರೇ, ಇಂದು ಪ್ರಿಂಟರುಗಳು ಎಷ್ಟೋ ಬದಲಾಗಿವೆ, ಆದರೆ ಸರದಿ ಹಾಗೆಯೇ ಇದೆ. ನಿಮ್ಮ ಕಚೇರಿಯಲ್ಲಿ ಕಾಗದ ಬಾರದಿದ್ದರೆ ಮೂರು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಕಾಗದ ಸರದಿಯನ್ನು ಸೇರಿತೇ? ಸರದಿಯ ಹೊರಬಾಗಿಲು ತೆರೆದಿದೆಯೇ? ಅಲ್ಲಿಂದ ಹೊರಟದ್ದು ನಿಜವಾದ ಪ್ರಿಂಟರಿನ ವಿಳಾಸಕ್ಕೇ ಹೋಗುತ್ತಿದೆಯೇ? ಮುಚ್ಚಿದ ಸರದಿಯನ್ನು ತೆರೆಯುವ ಮೊದಲು ಒಳಗೆ ಏನೇನಿದೆ ಎಂದು ನೋಡಿ. ಸಂಬಳದ ಚೀಟಿಯೋ, ಚೆಕ್ಕೋ, ಗೇಟ್ ಪಾಸೋ ಇದ್ದರೆ ಅದು ಎರಡು ಸಲ ಬರುವುದು, ಬಾರದೇ ಇರುವುದಕ್ಕಿಂತ ದೊಡ್ಡ ತೊಂದರೆ.

ಹಾಗೆಯೇ, ಒಮ್ಮೆ ಒತ್ತಿದ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಕಾಕಾ ಆಮೇಲೆ ತಮ್ಮ ಮೇಜಿನ ಮೇಲೆ ಒಂದು ಚೀಟಿ ಅಂಟಿಸಿಕೊಂಡಿದ್ದರು: 'ಒಂದೇ ಸಲ.'