ಮೀನಿಗೂ ಜ್ವರ ಬರುತ್ತದೆಯೇ?

(ಮಮದಾಪುರದ ರೈತರಿಗಾಗಿ ನೀಡಿದ ಭಾಷಣದ ಬರಹ)



ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದಲ್ಲಿ ಕಬ್ಬು, ಗೋವಿನಜೋಳಗಳ ಜೊತೆಗೆ ಹೊಂಡದಲ್ಲಿ ಮೀನು ಸಾಕುವ ಆಸೆ ಹಲವರಿಗಿದೆ. ಮಮದಾಪುರದ ರೈತನೊಬ್ಬ ತನ್ನ ಹೊಂಡಕ್ಕೆ ಸಾಮಾನ್ಯ ಗೆಂಡೆ ಮರಿ ಬಿಟ್ಟಿದ್ದಾನೆಂದು ಇಟ್ಟುಕೊಳ್ಳೋಣ. ಒಂದು ಮುಂಜಾನೆ ಮೀನುಗಳು ಮೇವು ಬಿಟ್ಟು ದಂಡೆಗೆ ಬಂದು ನಿಂತಿವೆ. ಅವನಿಗೆ ಮೊದಲು ನೆನಪಾಗುವುದು ಔಷಧಿ ಅಂಗಡಿ. ಆದರೆ ರೋಗ ವಿಷಾಣುವಿನದಾದರೆ ಪ್ರತಿಜೈವಿಕ ಔಷಧಿಗೆ ಅದು ಜಗ್ಗುವುದಿಲ್ಲ. ಹಣ ನಿಜಕ್ಕೂ ನೀರುಪಾಲು.

ವಿಷಾಣುವಿನೊಡನೆ ಸೆಣಸುವುದು ಮೀನಿನ ದೇಹವೇ. ಸೋಂಕು ತಗುಲಿದ ಜೀವಕೋಶ ಇಂಟರ್‌ಫೆರಾನ್ ಎಂಬ ಸಸಾರಜನಕವನ್ನು ಹೊರಬಿಟ್ಟು ನೆರೆಯ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಕೋಳಿಮೊಟ್ಟೆಯ ಪೊರೆಯಲ್ಲಿ ಕಂಡುಕೊಂಡ ಈ ವಸ್ತು ಮೀನಿನಲ್ಲಿಯೂ ಉಂಟು. ಟಿ.ಎನ್.ಎಫ್. ಎಂಬ ಇನ್ನೊಂದು ಸಸಾರಜನಕ ಉರಿಯೂತವನ್ನು ಎಬ್ಬಿಸಿ ಬಿಳಿ ರಕ್ತಕಣಗಳನ್ನು ಕರೆತರುತ್ತದೆ. ಉರಿಯೂತ ಅತಿಯಾದರೆ ಕಿವಿರಿನ ಒಳ್ಳೆಯ ಭಾಗವೂ ಕೆಡುತ್ತದೆ. ಆಗ ಅದನ್ನು ತಣಿಸಲು ಇಂಟರ್‌ಲ್ಯೂಕಿನ್-10 ಇದೆ. ಗೆಂಡೆಯಲ್ಲಿ ಇದೂ ಕಂಡುಬಂದಿದೆ.

ಇನ್ನು ಜ್ವರದ ಮಾತು. ಮೀನು ತನ್ನ ಮೈಯನ್ನು ತಾನೇ ಬಿಸಿಮಾಡಿಕೊಳ್ಳಲಾರದು. ಅದು ಬೆಚ್ಚಗಿನ ನೀರನ್ನು ಹುಡುಕಿಕೊಂಡು ಹೋಗುತ್ತದೆ. ಬೆಲ್ಜಿಯಂನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24, 28, 32 ಡಿಗ್ರಿ ಸೆಲ್ಸಿಯಸ್ಸಿನ ಕೋಣೆಗಳಿದ್ದ ತೊಟ್ಟಿಗೆ ಕೊಯ್ ಹರ್ಪಿಸ್ ವಿಷಾಣು ತಗುಲಿದ ಗೆಂಡೆಗಳನ್ನು ಬಿಟ್ಟರು. ಅವು 32 ಡಿಗ್ರಿಯ ಕಡೆಗೆ ಸರಿದು ಬದುಕಿಕೊಂಡವು. ಈ ಸೂಚನೆ ಕೊಡುವುದು ಟಿ.ಎನ್.ಎಫ್. ವಿಷಾಣುವಿನ ಜಾಣತನವನ್ನೂ ನೋಡಿರಿ: ಅದು ಟಿ.ಎನ್.ಎಫ್. ಅನ್ನು ಹಿಡಿದಿಡುವ ಹುಸಿ ಬಲೆಯೊಂದನ್ನು ತಯಾರಿಸಿ ಮೀನಿನ ಓಟವನ್ನು ತಡಮಾಡುತ್ತದೆ. ಆ ಬಲೆಯಿಲ್ಲದ ವಿಷಾಣುವನ್ನು ತಗುಲಿಸಿದಾಗ ಮೀನುಗಳು ಬೇಗನೆ ಸರಿದವು.

ಹಾಗೆಂದು ಯಾರೂ ಹೊಂಡದ ನೀರು ಕಾಯಿಸಲು ಹೊರಡಬಾರದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ. ತಿಲಾಪಿಯಾ ಲೇಕ್ ವೈರಸ್ ಎಂಬುದಂತೂ ಬೆಚ್ಚಗಿನ ನೀರಿನಲ್ಲಿಯೇ ಹಾವಳಿ ಮಾಡುತ್ತದೆ. ಅದು ಭಾರತದಲ್ಲಿಯೂ ಇರುವುದು 2018ರಲ್ಲಿ ವರದಿಯಾಯಿತು.

ರೈತ ಮಾಡಬಹುದಾದುದು ಇಷ್ಟು. ಮೀನಿಗೆ ಆಯಾಸವಾದಷ್ಟೂ ಅದರ ರಕ್ಷಣಾಶಕ್ತಿ ಕುಗ್ಗುತ್ತದೆ. ಆದ್ದರಿಂದ ಮರಿಗಳನ್ನು ಕಿಕ್ಕಿರಿದು ತುಂಬಬಾರದು. ಮೀನುಗಳು ಮಂಕಾದ ಕೂಡಲೇ ಮೇವು ನಿಲ್ಲಿಸಿ, ಬೆಳಗಿನ ಜಾವ ಪಂಪಿನಿಂದ ನೀರನ್ನು ಮೇಲಿನಿಂದ ಚಿಮ್ಮಿಸಿ ಗಾಳಿ ಬೆರೆಸಬೇಕು. ಬಲೆಯನ್ನೂ ಮರಿಗಳನ್ನೂ ಇನ್ನೊಂದು ಹೊಂಡಕ್ಕೆ ಒಯ್ಯಬಾರದು. ಹೊಂಡದ ನೀರನ್ನು ಕಾಲುವೆಗೆ ಬಿಡಬಾರದು. ಸತ್ತವನ್ನು ಸುಣ್ಣ ಹಾಕಿ ಹೂಳಬೇಕು. ಸಾಯುವ ಸ್ಥಿತಿಯಲ್ಲಿರುವ ಎರಡು ಮೂರು ಮೀನುಗಳನ್ನು ಮಂಜುಗಡ್ಡೆಯಲ್ಲಿಟ್ಟು ಅಂದೇ ಮೀನುಗಾರಿಕೆ ಇಲಾಖೆಯ ಕಚೇರಿಗೆ ಮುಟ್ಟಿಸಬೇಕು. ಕೊಳೆತ ಮೀನಿನಿಂದ ರೋಗ ಪತ್ತೆಯಾಗುವುದು ಕಷ್ಟ.