ತಡವಾಗಿ ಕಾಲೇಜು ಮೆಟ್ಟಿಲು ಹತ್ತುವವರಿಗೆ

(ವಾರ್ಷಿಕ ಸಭೆ ಮತ್ತು ವಿದ್ಯಾರ್ಥಿವೇತನ ವಿತರಣೆಯ ದಿನ ಹ್ಯಾಂಡ್‌ಪೋಸ್ಟ್‌ನಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಈ ಊರಿನವರೇ ಆದ ಚಿತ್ರಕಲಾ ಶಿಕ್ಷಕರು.)

 

ಹೋದ ವಾರ ನಮ್ಮ ಮೊಹಲ್ಲಾದ ಒಬ್ಬ ತಂಗಿ ಮನೆಗೆ ಬಂದಿದ್ದರು. ಕೈಯಲ್ಲಿ ನಮ್ಮ ಟ್ರಸ್ಟ್‌ನ ಅರ್ಜಿ ಇತ್ತು. ‘ಭಾಯ್, ನನಗೆ 34 ವರ್ಷ. ಪಿಯುಸಿ ಮುಗಿದ ಕೂಡಲೇ ಮದುವೆ ಆಯ್ತು. ಬ್ಲೌಸ್‌ಗೆ ಆರಿ ವರ್ಕ್ ಮಾಡ್ತೀನಿ, ಡಿಸೈನೆಲ್ಲ ನಾನೇ ಬರೆಯೋದು. ಚಿತ್ರಕಲೆ ಕಾಲೇಜಿಗೆ ಸೇರಬೇಕು ಅಂತ ಆಸೆ. ಆದರೆ ಈ ಅರ್ಜಿಯಲ್ಲಿ 25 ವರ್ಷ ಮೀರಿರಬಾರದು ಅಂತಿದೆ. ಓದಿನಲ್ಲಿ ಅಂತರ ಇರಬಾರದು ಅಂತಲೂ ಇದೆ. ನಾನು ಸುಮ್ಮನಿರೋದೇ ಒಳ್ಳೇದಾ?’ ಎಂದು ಕೇಳಿದರು.

ಇವತ್ತು ನಾನು ಆ ತಂಗಿಗೆ ಉತ್ತರ ಕೊಡಲು ನಿಂತಿದ್ದೇನೆ. ಕೊನೆಯಲ್ಲಿ ಹಿರಿಯರಿಗೂ ಒಂದು ಮಾತಿದೆ.

ನಿಮ್ಮಲ್ಲಿ ಹಲವರಿಗೆ ನಾನು ಇನ್ನೂ ಬೋರ್ಡ್ ಬರೆಯುವವನೇ. ಎಸ್ಸೆಸ್ಸೆಲ್ಸಿ ಆದ ಮೇಲೆ ಇದೇ ಸರ್ಕಲ್ ಹತ್ತಿರ ಬ್ರಷ್ ಹಿಡಿದೆ. ಅಂಗಡಿ ಬೋರ್ಡು, ಲಾರಿ ನಂಬರ್ ಪ್ಲೇಟು, ಚುನಾವಣೆ ಬಂದರೆ ಎಲ್ಲ ಪಕ್ಷಗಳ ಗುರುತು, ಎಲ್ಲವನ್ನೂ ಬರೆದೆ. ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಅಕ್ಷರ ಕೈಗೆ ಕೂತಿದ್ದವು. ಆಮೇಲೆ ಫ್ಲೆಕ್ಸ್ ಬಂತು. ನಾನು ದಿನವಿಡೀ ಬರೆಯುತ್ತಿದ್ದ ಬೋರ್ಡು ಮೆಷಿನ್ನಿನಿಂದ ಹತ್ತು ನಿಮಿಷಕ್ಕೆ ಹೊರಗೆ ಬರತೊಡಗಿತು. ಆಗ ನನಗೆ 31 ವರ್ಷ, ಇಬ್ಬರು ಮಕ್ಕಳು.

ಓದೋಣ ಎಂದುಕೊಂಡೆ. ಆದರೆ ಮೊದಲ ಆಯ್ಕೆಯಲ್ಲೇ ಎಡವಿದೆ. ಜಾಹೀರಾತು ನೋಡಿ ಒಂದು ಖಾಸಗಿ ಸಂಸ್ಥೆಗೆ ಸೇರಿದೆ. ಹೆಂಡತಿಯ ಬಳೆ ಅಡವಿಟ್ಟು ವರ್ಷದ ಫೀಸು ಕಟ್ಟಿದೆ. ಅವರು ಕೊಟ್ಟ ಸರ್ಟಿಫಿಕೇಟ್ ಹಿಡಿದು ಒಂದು ಶಾಲೆಯಲ್ಲಿ ಕೆಲಸ ಕೇಳಿದಾಗ, ‘ಇದು ಯಾವ ವಿಶ್ವವಿದ್ಯಾಲಯದ್ದು?’ ಎಂದರು. ಯಾವುದರದ್ದೂ ಆಗಿರಲಿಲ್ಲ. ಒಂದು ವರ್ಷವೂ ಹೋಯಿತು, ದುಡ್ಡೂ ಹೋಯಿತು. ಆಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ 12ನೇ ತರಗತಿ ಕಟ್ಟಿ, ಪಾಸಾಗಿ, ದೃಶ್ಯಕಲಾ ಪದವಿಗೆ ಸೇರಿದೆ. ಮೊದಲ ದಿನ ಒಳಗೆ ಕಾಲಿಟ್ಟಾಗ ಹುಡುಗರು ಮೇಷ್ಟ್ರು ಬಂದರು ಎಂದುಕೊಂಡು ಎದ್ದು ನಿಂತರು!

ಹದಿನೆಂಟು ವರ್ಷದವರು ಒಂದು ಕಾಲೇಜು ಸರಿಯಿಲ್ಲ ಎಂದರೆ ಇನ್ನೊಂದನ್ನು ನೋಡಬಹುದು. ನಮ್ಮಂಥವರಿಗೆ ಅಷ್ಟು ಪುರುಸೊತ್ತಿಲ್ಲ. ಆದ್ದರಿಂದ ಸೇರುವ ಮೊದಲು ನಾಲ್ಕು ವಿಷಯ ನೋಡಿ.

ಮೊದಲನೆಯದು, ಕೊಡುವ ಪತ್ರ ಯಾವುದು. ಪದವಿಯೋ ಡಿಪ್ಲೊಮಾವೋ? ಯಾವ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು? ಯುಜಿಸಿ ಮಾನ್ಯತೆ ಇದೆಯೇ? ಬಾಯಿಮಾತು ನಂಬಬೇಡಿ, ಆದೇಶದ ಪ್ರತಿ ತೋರಿಸಿ ಎನ್ನಿ. ತೋರಿಸಲು ಹಿಂದೆಮುಂದೆ ನೋಡಿದರೆ ಅಲ್ಲಿಂದಲೇ ವಾಪಸ್ ಬನ್ನಿ.

ಎರಡನೆಯದು, ಸಮಯ. ಚಿತ್ರ, ಶಿಲ್ಪ, ನಾಟಕ ಇವನ್ನು ಪುಸ್ತಕ ಓದಿ ಪರೀಕ್ಷೆ ಬರೆದು ಕಲಿಯಲಾಗುವುದಿಲ್ಲ. ಸ್ಟುಡಿಯೋದಲ್ಲಿ ದಿನವೂ ನಿಂತು ಕೆಲಸ ಮಾಡಬೇಕು, ಹಾಜರಾತಿ ಬೇಕು. ಮನೆ ಬಾಗಿಲಿನಿಂದ ತರಗತಿಯ ಬಾಗಿಲವರೆಗೆ ಎಷ್ಟು ಹೊತ್ತು ಹಿಡಿಯುತ್ತದೆ, ಸಂಜೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಲೆಕ್ಕ ಹಾಕಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಹೀಗಾಗಿ ನಮ್ಮ ತಂಗಿಗೆ ಮೈಸೂರು ಕಾಸಿನ ಲೆಕ್ಕದಲ್ಲಿ ದೂರವಲ್ಲ, ಹೊತ್ತಿನ ಲೆಕ್ಕದಲ್ಲಿ ಮಾತ್ರ ದೂರ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ, ಬಹಳ ದೊಡ್ಡ ಹೆಸರು. ಆದರೆ ಅಲ್ಲೇ ಉಳಿದು ಕಲಿಯಬೇಕು. ಚಿಕ್ಕ ಮಕ್ಕಳ ತಾಯಿಗೆ ಅದು ಕಷ್ಟ. ದೊಡ್ಡ ಹೆಸರಿನ ಕಾಲೇಜೆಲ್ಲ ನಮಗೆ ಹೊಂದುತ್ತದೆ ಎಂದೇನಿಲ್ಲ.

ಮೂರನೆಯದು, ಖರ್ಚು. ಸರ್ಕಾರಿ ಕಾಲೇಜಿನ ಫೀಸು ನೋಡಿ ‘ಇಷ್ಟೇನಾ’ ಎನ್ನಿಸುತ್ತದೆ. ಆದರೆ ಕಲೆ ಓದುವವರಿಗೆ ಭಾರವಾಗುವುದು ಸಾಮಗ್ರಿ. ಕಾಗದ, ಬಣ್ಣ, ಬ್ರಷ್, ಕ್ಯಾನ್ವಾಸ್, ಕೊನೆಯ ವರ್ಷದ ಪ್ರದರ್ಶನಕ್ಕೆ ಕಟ್ಟಿಸುವ ಫ್ರೇಮು. ಈ ಲೆಕ್ಕವನ್ನು ಕಚೇರಿಯಲ್ಲಿ ಕೇಳುವುದಕ್ಕಿಂತ ಎರಡನೇ ವರ್ಷದ ವಿದ್ಯಾರ್ಥಿಯನ್ನು ಕೇಳಿ, ಸರಿಯಾಗಿ ಹೇಳುತ್ತಾರೆ.

ನಾಲ್ಕನೆಯದು, ಅಲ್ಲಿ ನಡೆಯುವ ಕೆಲಸ. ಒಂದು ದಿನ ಬಿಡುವು ಮಾಡಿಕೊಂಡು, ಅನುಮತಿ ಕೇಳಿ, ಕೊನೆಯ ವರ್ಷದ ಮಕ್ಕಳು ಕೆಲಸ ಮಾಡುವ ಕಡೆ ಹೋಗಿ ನೋಡಿ. ಎಲ್ಲರ ಚಿತ್ರವೂ ಒಂದೇ ಥರ ಇದ್ದರೆ ಅಲ್ಲಿ ಮೇಷ್ಟ್ರ ಕೈ ಮಾತ್ರ ಇದೆ ಎಂದರ್ಥ. ಒಬ್ಬೊಬ್ಬರದು ಒಂದೊಂದು ಥರ ಇದ್ದರೆ, ಹದಿನೈದು ವರ್ಷ ಸೂಜಿ ಹಿಡಿದ ಕೈಗೂ ಅಲ್ಲಿ ಜಾಗ ಸಿಗುತ್ತದೆ.

ನೋಡಲು ಬಹಳ ದೂರ ಹೋಗಬೇಕಾಗಿಲ್ಲ. ಮೈಸೂರಿನಲ್ಲಿ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು ಇದೆ, ನಾವೆಲ್ಲ ‘ಕಾವಾ’ ಎನ್ನುತ್ತೇವೆ. ಚಿತ್ರ, ಶಿಲ್ಪ, ಗ್ರಾಫಿಕ್ಸ್, ಅನ್ವಯಿಕ ಕಲೆ, ಛಾಯಾಚಿತ್ರ ಎಲ್ಲ ಅಲ್ಲಿವೆ. ಸಂಗೀತ, ನೃತ್ಯ, ನಾಟಕಕ್ಕೆ ಮಾನಸಗಂಗೋತ್ರಿಯ ಲಲಿತಕಲಾ ಕಾಲೇಜು ಇದೆ, ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಇದೆ. 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ ರಂಗಾಯಣದಲ್ಲೂ ರಂಗ ತರಬೇತಿ ಇದೆ. ಆದರೆ ಇಂಥ ಕಡೆ ವಯಸ್ಸಿನ ಮಿತಿ ಹಾಕುವುದುಂಟು, ಆಯಾ ವರ್ಷದ ಅಧಿಸೂಚನೆ ಓದಿಯೇ ಹೊರಡಿ. ಹೊರಡುವಾಗ ನಿಮ್ಮ ಕೆಲಸವನ್ನೂ ಜೊತೆಗೆ ಒಯ್ಯಿರಿ. ಆರಿ ವರ್ಕಿನ ಫೋಟೋ, ಪೆನ್ಸಿಲ್ಲಿನಲ್ಲಿ ಬರೆದ ಡಿಸೈನ್, ಎಲ್ಲ ಒಂದು ಫೈಲಿಗೆ ಹಾಕಿ. ನಿಮ್ಮ ಓದಿನ ಅಂತರದಲ್ಲಿ ನೀವು ಸುಮ್ಮನೆ ಕೂತಿರಲಿಲ್ಲ ಎನ್ನುವುದಕ್ಕೆ ಆ ಫೈಲೇ ಸಾಕ್ಷಿ. ನನಗೂ ಹಾಗೇ ಆಯಿತು. ಮನುಷ್ಯನನ್ನು ಎದುರಿಗೆ ನೋಡಿ ಚಿತ್ರ ಬರೆಯುವುದರಲ್ಲಿ ನಾನು ತರಗತಿಗೇ ಹಿಂದೆ. ಅಕ್ಷರ ಬರೆಯುವ ಪಾಠ ಬಂದಾಗ ಮಾತ್ರ ಬ್ರಷ್ ಹೇಗೆ ಹಿಡಿಯಬೇಕೆಂದು ಹುಡುಗರೇ ನನ್ನನ್ನು ಕೇಳುತ್ತಿದ್ದರು.

ಕೆಲವು ಹಿರಿಯರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇದೆ ಎಂದು ಗೊತ್ತು. ಚಿತ್ರ, ಸಂಗೀತ ಇವು ನಮಗೆ ಸಲ್ಲುತ್ತವೆಯೇ? ನಾನು ಆಲಿಂ ಅಲ್ಲ, ಫತ್ವಾ ಹೇಳುವವನಲ್ಲ. ಇದರಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆದರೆ ಮನಸ್ಸು ಒಪ್ಪದವರಿಗೂ ಕಲಾ ಕಾಲೇಜಿನಲ್ಲಿ ಜಾಗವಿದೆ. ಅಕ್ಷರಕಲೆ, ಬಟ್ಟೆಯ ವಿನ್ಯಾಸ, ಪುಸ್ತಕದ ವಿನ್ಯಾಸ, ಮರದ ಕೆಲಸ ಎಲ್ಲ ಕಲೆಯೇ. ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸವನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರಲ್ಲಿ ನಮ್ಮವರೇ ಬಹಳ. ಸಯ್ಯಾಜಿರಾವ್ ರಸ್ತೆಯಲ್ಲಿ ಈಗ ಕಾವೇರಿ ಎಂಪೋರಿಯಂ ಇರುವ ಕಟ್ಟಡ ಗೊತ್ತಲ್ಲ? 1906ರಲ್ಲಿ ಅಡಿಗಲ್ಲು ಹಾಕಿದ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಅದು, ಕೈಕೆಲಸ ಕಲಿಸಲೆಂದೇ ಕಟ್ಟಿದ್ದು. ಕಲಾ ಕಾಲೇಜಿಗೆ ಹೋಗುವುದೆಂದರೆ ಕಸುಬುದಾರರ ಮನೆಯವರು ಪರಕೀಯ ಜಾಗಕ್ಕೆ ಹೋದಂತಲ್ಲ.

ತಡವಾಯಿತು ಎನ್ನುವವರಿಗೆ ಒಂದು ಹೆಸರು ಹೇಳುತ್ತೇನೆ, ಯೂಸುಫ್ ಅರಕ್ಕಲ್. ಕೇರಳದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು, ಬೆಂಗಳೂರಿಗೆ ಬಂದವರು. ಎಚ್‌ಎಎಲ್‌ನಲ್ಲಿ ಕೆಲಸಕ್ಕಿದ್ದರು. ಚಿತ್ರಕಲಾ ಪರಿಷತ್ತಿನಲ್ಲಿ ಕಲಿತು 1973ರಲ್ಲಿ ಡಿಪ್ಲೊಮಾ ಪಡೆದಾಗ ಅವರಿಗೆ 28ರ ಆಸುಪಾಸು. 2005ರಲ್ಲಿ ಇಟಲಿಯ ಫ್ಲಾರೆನ್ಸ್ ಬಿನಾಲೆಯಲ್ಲಿ ಚಿನ್ನದ ಪದಕ ಬಂತು. 2016ರಲ್ಲಿ ತೀರಿಕೊಂಡರು. ಎಲ್ಲರಿಗೂ ಪದಕ ಬರುವುದಿಲ್ಲ, ನನಗೂ ಬಂದಿಲ್ಲ. ನನಗೆ ಬಂದದ್ದು ಶಾಲೆಯ ಕೆಲಸ, ತಿಂಗಳ ಸಂಬಳ, ಬಿಡಿಸಿಕೊಂಡ ಬಳೆ. ಅಲ್‌ಹಮ್ದುಲಿಲ್ಲಾಹ್, ಅದೂ ಚಿಕ್ಕದಲ್ಲ.

ಈಗ ಹಿರಿಯರಿಗೆ ನನ್ನ ಮಾತು. ಈ ಟ್ರಸ್ಟ್ ಎಷ್ಟೋ ಮನೆಗಳ ಮಕ್ಕಳನ್ನು ಓದಿಸಿದೆ. ಅರ್ಜಿಯಲ್ಲಿ ವಯಸ್ಸಿನ ನಿಯಮ ಹಾಕಿದವರ ಉದ್ದೇಶ ಒಳ್ಳೆಯದೇ, ಇರುವ ಹಣ ಚಿಕ್ಕ ಮಕ್ಕಳಿಗೆ ಹೋಗಲಿ ಎಂದು. ಆದರೆ ಅಲ್ಪಸಂಖ್ಯಾತರ ನಿಗಮದ ಅರಿವು ಸಾಲ ಹೆಚ್ಚಾಗಿ ಸಿಇಟಿ, ನೀಟ್ ಮೂಲಕ ವೃತ್ತಿಪರ ಕೋರ್ಸಿಗೆ ಹೋಗುವವರಿಗೆ. ಕಲೆ ಓದುವ 34 ವರ್ಷದ ತಾಯಿ ಯಾವ ಬಾಗಿಲು ತಟ್ಟಬೇಕು? ಎಲ್ಲ ನಿಯಮ ಬದಲಿಸಿ ಎನ್ನುವುದಿಲ್ಲ. ವರ್ಷಕ್ಕೆ ಒಂದೇ ಒಂದು ವೇತನಕ್ಕೆ ವಯಸ್ಸು ಮತ್ತು ಓದಿನ ಅಂತರದ ಷರತ್ತು ತೆಗೆಯಿರಿ. ಫೀಸಿನ ಜೊತೆ ಸಾಮಗ್ರಿಯ ಖರ್ಚನ್ನೂ ಸೇರಿಸಿ. ಆ ವೇತನಕ್ಕೆ ಮೊದಲ ವರ್ಷ ನನ್ನ ಒಂದು ತಿಂಗಳ ಸಂಬಳ ಕೊಡುತ್ತೇನೆ.

ತಂಗೀ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ, ಸುಮ್ಮನಿರಬೇಡಿ. ನಿಮ್ಮ ಹತ್ತಿರ ಪಿಯುಸಿ ಇದೆ, ನನ್ನ ಹತ್ತಿರ ಅದೂ ಇರಲಿಲ್ಲ. ಭಾನುವಾರ ಜೊಹರ್ ನಮಾಜ್ ಆದ ಮೇಲೆ ನಾನು ಟ್ರಸ್ಟ್ ಕಚೇರಿಯಲ್ಲಿ ಇರುತ್ತೇನೆ. ಫೈಲು ತನ್ನಿ, ಮನೆಯವರನ್ನೂ ಕರೆತನ್ನಿ. ಅರ್ಜಿ ಕೂತು ತುಂಬೋಣ.